ಚಂದ್ರಿಕಾ ಅರ್ಧ ಕಥೆಗೆ ಒಪ್ಪಲಿಲ್ಲ

2015ರ ಮೇ ಏಳನೆಯ ತಾರೀಖು ಬೆಳಿಗ್ಗೆ ಚಂದ್ರಿಕಾ ಲೆಸ್ಟರಿನ ತನ್ನ ಮನೆಯಲ್ಲಿ ತೀರಿಕೊಂಡಳು. ಪ್ಯಾಂಕ್ರಿಯಾಸಿನ ಕ್ಯಾನ್ಸರ್. ಐವತ್ತೊಂಬತ್ತು ವರ್ಷ. ಅವತ್ತು ದೇಶದಲ್ಲಿ ಚುನಾವಣೆ. ಅವಳ ವೋಟು ಮೊದಲೇ ಪೋಸ್ಟಿನಲ್ಲಿ ಹೋಗಿತ್ತು.

ಮಾತಾಡಿಸಿಕೊಂಡು ಹೋಗಲು ಬಂದವರು ಅವಳನ್ನು ಹೆಣ್ಣುಮಗುವನ್ನು ಉಳಿಸಿಕೊಂಡ ಮಹಾತಾಯಿ ಎಂದರು. ಸುಳ್ಳಲ್ಲ, ಆದರೆ ಅರ್ಧ. ಮಿಕ್ಕರ್ಧವನ್ನು ಬಚ್ಚಿಟ್ಟು ಹೊಗಳುವುದನ್ನು ಅವಳು ಬದುಕಿದ್ದಾಗಲೇ ಸಹಿಸಲಿಲ್ಲ. ಸತ್ತ ಮೇಲೆ ಯಾಕೆ ಸಹಿಸಬೇಕು?

ಗಂಡ ಈಶ್ವರಪ್ಪ ಜಿಪಿ, ಬಡಾವಣೆಯ ಡಾಕ್ಟರು. ಅವನ ಸರ್ಜರಿಯ, ಎಂದರೆ ಅಲ್ಲಿನ ಕ್ಲಿನಿಕ್ಕಿನ, ಮುಂದಿನ ಮೇಜು ಇಪ್ಪತ್ತೆಂಟು ವರ್ಷ ಚಂದ್ರಿಕಾಳದು. ಬೆಳಿಗ್ಗೆ ಎಂಟಕ್ಕೆ ಫೋನಿನ ಲೈನು ತೆರೆಯುತ್ತಿತ್ತು, ಎಂಟೂಕಾಲಿಗೆ ಆ ದಿನದ ಅಪಾಯಿಂಟ್‌ಮೆಂಟು ಖಾಲಿ. ಆಮೇಲೆ ಫೋನ್ ಮಾಡಿದ ಮುದುಕಿಯರಿಗೆ "ಬನ್ನಿ, ಬಂದು ಕೂತಿರಿ, ಡಾಕ್ಟರು ಟೀ ಕುಡಿಯೋದು ಬಿಡ್ತಾರೆ" ಎನ್ನುತ್ತಿದ್ದಳು. ಗುಜರಾತಿ, ಪಂಜಾಬಿ, ಲೆಸ್ಟರಿನ ಇಂಗ್ಲಿಷು ಎಲ್ಲವನ್ನೂ ದಾವಣಗೆರೆಯ ರಾಗದಲ್ಲೇ ಆಡುವಳು. ಈಶ್ವರಪ್ಪ ಟೀ ಬಿಡುತ್ತಿದ್ದ.

ಹೆಂಡತಿಯ ಮಾತಿಗೆ ಅವನು ಎದುರಾಡುತ್ತಿರಲಿಲ್ಲ. ಯಾಕೆ ಎನ್ನುವುದಕ್ಕೆ 1987ಕ್ಕೆ ಹೋಗಬೇಕು.

ಆ ವರ್ಷ ರಜೆಗೆಂದು ದಾವಣಗೆರೆಗೆ ಹೋದಾಗ ಅವಳು ಎರಡನೆಯ ಬಸುರಿ, ಮೊದಲನೆಯದು ಹೆಣ್ಣು. ಅತ್ತೆ ಪುಟ್ಟಮ್ಮ ಪರಿಚಯದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಆಗ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಇದೂ ಹೆಣ್ಣೇ ಎಂದಿತು ಪರೀಕ್ಷೆ.

"ಇಲ್ಲೇ ಮುಗಿಸ್ಕೊಂಡು ಹೋಗವ್ವ" ಎಂದರು ಪುಟ್ಟಮ್ಮ. "ಲಂಡನ್ನಿನಾಗೆ ನಿನಗೆ ಬಾಣಂತನ ಯಾರು ಮಾಡ್ತಾರೆ?"

"ಲಂಡನ್ನಲ್ಲ ಅತ್ತೆ, ಲೆಸ್ಟರು. ಈ ಕೂಸು ನನಗೆ ಬೇಕು."

ಈಶ್ವರಪ್ಪ ಅಲ್ಲೇ ಕೂತು ಪೇಪರ್ ಓದುತ್ತಿದ್ದ. ಹಾಳೆ ಮಾತ್ರ ತಿರುವಲಿಲ್ಲ. ಡಾಕ್ಟರಾದ ಗಂಡ ಒಂದು ಮಾತು ಆಡುತ್ತಾನೇನೋ ಎಂದು ಕಾದು, ಆಡದಿದ್ದಾಗ ಚಂದ್ರಿಕಾ ಎದ್ದು ಹೋಗಿ ಪೆಟ್ಟಿಗೆ ಕಟ್ಟಿದಳು. ಮುಂದಿನ ವರ್ಷ ಅಮೂಲ್ಯಾ ಲೆಸ್ಟರಿನಲ್ಲಿ ಹುಟ್ಟಿದಳು.

ಈ ಅರ್ಧವನ್ನು ಊರೆಲ್ಲ ಬಲ್ಲದು.

1991ರಲ್ಲಿ ಮೂರನೆಯದು ನಿಂತಿತು. ಗಂಡೋ ಹೆಣ್ಣೋ ಎಂದು ಅವಳು ಯಾರನ್ನೂ ಕೇಳಲಿಲ್ಲ. ಪುಟ್ಟಮ್ಮ ಮಾತ್ರ ಈ ಸಲ ಗಂಡೇ ಎಂದು ಫೋನಿನಲ್ಲಿ ಖಚಿತವಾಗಿ ಹೇಳಿದರು, ಹರಕೆಯನ್ನೂ ಹೊತ್ತರು. ಚಂದ್ರಿಕಾಳಿಗೆ ಇನ್ನೊಂದು ಮಗು ಬೇಕಿರಲಿಲ್ಲ. ಕಾಯಿಲೆ ಇರಲಿಲ್ಲ, ಬಡತನ ಇರಲಿಲ್ಲ, ಜನ ಅಯ್ಯೋ ಎನ್ನುವಂಥ ಕಾರಣ ಯಾವುದೂ ಇರಲಿಲ್ಲ. ಎರಡು ಮಕ್ಕಳಿಗೆ ತನ್ನ ಜೀವ ಸರಿಹೋಗಿದೆ, ಮೂರನೆಯದಕ್ಕೆ ಮಿಕ್ಕಿಲ್ಲ ಎನ್ನುವುದಷ್ಟೇ ಅವಳ ಲೆಕ್ಕ. ಲೆಸ್ಟರಿನ ಡಾಕ್ಟರುಗಳೆಲ್ಲ ಗಂಡನ ಗೆಳೆಯರು. ಅದಕ್ಕೆ ಬರ್ಮಿಂಗ್‌ಹ್ಯಾಮಿನಲ್ಲಿ ಏರ್ಪಾಡು ಮಾಡಿಕೊಂಡು ಹಿಂದಿನ ದಿನ ಈಶ್ವರಪ್ಪನಿಗೆ ತಿಳಿಸಿದಳು. ಕೇಳಲಿಲ್ಲ, ತಿಳಿಸಿದಳು. ಅವನೇ ಕಾರಿನಲ್ಲಿ ಕರೆದುಕೊಂಡು ಹೋದ. ಬರುವಾಗ ಹೆದ್ದಾರಿ ಬದಿಯ ಸರ್ವೀಸಸ್‌ನಲ್ಲಿ ನಿಲ್ಲಿಸಿ ಅವಳಿಗೆ ಚಿಪ್ಸ್ ಕೊಡಿಸಿದ. "ಅವತ್ತು ನಾನು ಬಾಯಿ ಬಿಡಬೇಕಿತ್ತು" ಎಂದ. ದಾವಣಗೆರೆಯಲ್ಲಿ ಪೇಪರ್ ಹಿಡಿದು ಕೂತಿದ್ದ ದಿನದ ಮಾತು ಅದು.

"ಬಿಡಬೇಕಿತ್ತು" ಎಂದಳು ಚಂದ್ರಿಕಾ, ಚಿಪ್ಸಿಗೆ ಇನ್ನಷ್ಟು ವಿನೆಗರ್ ಸುರಿದುಕೊಂಡು.

2015ರ ಜನವರಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಫೆಬ್ರವರಿಯಲ್ಲಿ ದರ್ಶನ್ ಮನೆಗೆ ಬಂದ. ಲೆಸ್ಟರಿನಲ್ಲೇ ಬೆಳೆದ ಕನ್ನಡದ ಹುಡುಗ, ವಕೀಲ, ಈಗ ಪಾರ್ಲಿಮೆಂಟಿಗೆ ಅಭ್ಯರ್ಥಿ. ಭ್ರೂಣ ಹೆಣ್ಣೆಂದು ತೆಗೆಸುವುದರ ವಿರುದ್ಧ ಬಿಗಿ ಕಾನೂನು ತರುತ್ತೇನೆ ಎನ್ನುವುದು ಅವನ ಪ್ರಚಾರ. ಜೊತೆಗೆ ಕನ್ನಡ ಸಂಘದ ಮಹಿಳಾ ವಿಭಾಗದ ಶಾರದಮ್ಮ.

"ಆಂಟಿ, ಯುಗಾದಿ ಕಾರ್ಯಕ್ರಮದಲ್ಲಿ ನೀವು ಐದು ನಿಮಿಷ ಮಾತಾಡಬೇಕು. ಅಮೂಲ್ಯಾ ಅಕ್ಕನ ಕಥೆ. ಜನ ಅತ್ತುಬಿಡ್ತಾರೆ."

"ಅಳಿಸೋದಕ್ಕೆ ನಾನ್ಯಾಕೆ, ಕೌನ್ಸಿಲ್ ಟ್ಯಾಕ್ಸ್ ಬಿಲ್ ಓದು" ಎಂದಳು. ಆದರೂ ಒಪ್ಪಿದಳು. ಹುಡುಗ ಒಳ್ಳೆಯದಕ್ಕೇ ಓಡಾಡುತ್ತಿದ್ದಾನೆ ಎಂದುಕೊಂಡಳು. ಅವನು ಅವಳ ಫೋಟೋ ತೆಗೆದುಕೊಂಡು ಹೋದ.

ಆಮೇಲೆ ಒಂದೊಂದೇ ಕಿವಿಗೆ ಬಿತ್ತು. ಚರ್ಚಿನ ಸಭೆಯಲ್ಲಿ ದರ್ಶನ್, ಮೊದಲ ದಿನದಿಂದಲೂ ಜೀವ ಜೀವವೇ, ಯಾವ ಕಾರಣಕ್ಕೂ ತೆಗೆಸಬಾರದು ಎಂದಿದ್ದ. ಅದು ಲೋಕಲ್ ಪತ್ರಿಕೆಯಲ್ಲಿ ಬಂತು. ಲಫ್‌ಬರೋದ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಪ್ರೇರಣಾ ಎಂಬ ಹುಡುಗಿ ಸಂಘದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, "ನಮ್ ಡಿಬೇಟಲ್ಲಿ ದರ್ಶನ್ ಹೆಣ್ಣಿನ ಇಷ್ಟವೇ ಅಂತಿಮ ಅಂದ್ರಲ್ಲ ಆಂಟಿ? ಚಪ್ಪಾಳೆ ಹೊಡೆದ್ವಿ" ಎಂದಳು. ದೇವಸ್ಥಾನದಲ್ಲಿ ಅವನದು ಹೆಣ್ಣುಮಗು ಉಳಿಸಿ ಎನ್ನುವ ಮಾತು. 2012ರಲ್ಲಿ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ ಡಾಕ್ಟರುಗಳು ತೆಗೆಯಲು ಒಪ್ಪದೆ ಐರ್ಲೆಂಡಿನ ಆಸ್ಪತ್ರೆಯಲ್ಲಿ ಬೆಳಗಾವಿ ಕಡೆಯ ಹೆಣ್ಣುಮಗಳು ಸತ್ತಾಗ, ಇದೇ ದರ್ಶನ್ ಸಂಘದವರ ಮುಂದೆ ಮೇಣದಬತ್ತಿ ಹಿಡಿದು ನಿಂತಿದ್ದ. ಪಕ್ಕದಲ್ಲೇ ಚಂದ್ರಿಕಾ ನಿಂತಿದ್ದಳು.

ಯುಗಾದಿಯ ಹಿಂದಿನ ದಿನ ಅವಳು ಸ್ಯಾಲ್‌ಫರ್ಡಿಗೆ ಫೋನ್ ಮಾಡಿದಳು. ಅಮೂಲ್ಯಾ ಅಲ್ಲಿ ಟೀವಿ ಸ್ಟುಡಿಯೋಗಳಿರುವ ಮೀಡಿಯಾಸಿಟಿಯಲ್ಲಿ ಎಡಿಟರ್. ಅಮ್ಮ ಬರ್ಮಿಂಗ್‌ಹ್ಯಾಮಿನ ಸಂಗತಿಯನ್ನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಕೇಳಿ, ಯಾವಾಗಿನಂತೆ ಇಂಗ್ಲಿಷಿನಲ್ಲೇ, ಇದನ್ನು ನನಗೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು. ಚಂದ್ರಿಕಾಳಿಗೆ ಭಯವಿದ್ದದ್ದು ಇದೊಂದಕ್ಕೇ. ಸಂಘ ಹೋದರೆ ಹೋಗಲಿ. ಉಳಿದಿರುವ ಈ ಕೆಲವು ವಾರಗಳಲ್ಲಿ ಮಗಳು ದೂರವಾದರೆ?

ಆದರೂ ಸಂಘದ ಸಭಾಂಗಣಕ್ಕೆ ಹೋದಳು. ಮೊದಲರ್ಧ ಹೇಳಿದಳು, ಜನ ಕಣ್ಣೊರೆಸಿಕೊಂಡರು. ಎರಡನೆಯರ್ಧ ಹೇಳಿದಳು. ಬೇವುಬೆಲ್ಲದ ಬಟ್ಟಲು ಹಂಚುತ್ತಿದ್ದವರು ನಿಂತಲ್ಲೇ ನಿಂತರು.

ದರ್ಶನ್ ನಗುತ್ತಲೇ ಎದ್ದ. "ಆಂಟಿ, ಹೆಣ್ಣು ಅಂತ ತೆಗೆಸೋದು ತಪ್ಪು, ನನಗೆ ಬೇಡ ಅಂತ ತೆಗೆಸೋದು ಸರಿ ಅಂದ್ರೆ ಯಾವ ನ್ಯಾಯ? ಒಂದು ಕಡೆ ನಿಲ್ಲಿ."

"ನಾನು ನಿಂತಿರೋದು ಒಂದೇ ಕಡೆ ಕಣಪ್ಪ. ಮೂರು ಕಡೆ ನಿಂತಿರೋನು ನೀನು. ನಮ್ಮತ್ತೆ ತೆಗೆಸು ಅಂದ್ರು, ನೀನು ತೆಗೆಸಬೇಡ ಅಂತೀಯ. ಇಬ್ರೂ ನನ್ನ ಕೇಳ್ಲಿಲ್ಲ. ಎರಡು ಸಲವೂ ನಾನೇ ತೀರ್ಮಾನ ಮಾಡ್ದೆ. ಈಗ ನೀನು ಹೇಳು, ಇಲ್ಲಿರೋ ಎಲ್ಲರ ಎದುರಿಗೆ: ಚರ್ಚಲ್ಲಿ ಹೇಳಿದ್ದು ನಿಜವೋ, ಲಫ್‌ಬರೋದಲ್ಲಿ ಹೇಳಿದ್ದೋ?"

"ಆಂಟಿ, ಅದು ಸ್ವಲ್ಪ ಕಾಂಪ್ಲಿಕೇಟೆಡ್ ವಿಷಯ..."

"ಮೇಣದಬತ್ತಿ ಹಿಡಿದಾಗ ಇರ್ಲಿಲ್ವಾ?"

ಕೊನೆಯಲ್ಲಿ ಹೆಂಗಸರಿಗೆ ಅರಿಶಿನ ಕುಂಕುಮ. ಶಾರದಮ್ಮ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಾ ಚಂದ್ರಿಕಾಳ ಮುಂದೆ ತಡೆದರು. ಬಟ್ಟಲಿಗೆ ಹೋದ ಬೆರಳು ಅಲ್ಲೇ ನಿಂತಿತು.

"ತುಂಬಿದ ಸಭೇಲಿ ಇದೆಲ್ಲ ಬೇಕಿತ್ತೇನ್ರೀ?" ಎಂದರು ಮೆಲ್ಲಗೆ.

"ಕರೆದೋರು ನೀವೇ ಅಲ್ವೇನ್ರೀ?" ಎಂದು ಚಂದ್ರಿಕಾ ತಾನೇ ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು. ಮತ್ತೆ ಬೆರಳದ್ದಿ ಶಾರದಮ್ಮನ ಹಣೆಗೂ ಇಟ್ಟಳು.

ಏಪ್ರಿಲ್ ಕಳೆಯುವಾಗ ಅವಳ ಹಾಸಿಗೆಯನ್ನು ಕೆಳಗೆ ರಸ್ತೆ ಬದಿಯ ಕೋಣೆಗೆ ತಂದರು. ದೂರದೇಶದಲ್ಲಿದ್ದ ಹಿರಿಯ ಮಗಳಿಗೆ ಬರಲಾಗಲಿಲ್ಲ, ಅಮೂಲ್ಯಾ ಬಂದಳು. ರಜೆ ಹಾಕಿ ಬಂದಿದ್ದಳು. ಅಮ್ಮನಿಗೆ ಗಂಜಿ ಕುಡಿಸಿದಳು, ಕಾಲು ಒತ್ತಿದಳು. ಮೇ ಆರರ ಮಧ್ಯಾಹ್ನ ಬಾಗಿಲ ಸಂದಿಯಿಂದ ದರ್ಶನನ ಕೊನೆಯ ಕರಪತ್ರ ಬಿತ್ತು. ಅದರಲ್ಲಿ ಚಂದ್ರಿಕಾಳ ದೊಡ್ಡ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ: ಮಗಳನ್ನು ಉಳಿಸಿಕೊಂಡ ತಾಯಿ, ಇಂಥ ತಾಯಂದಿರಿಗಾಗಿ ದರ್ಶನ್. ಯುಗಾದಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡವನು ಅಚ್ಚು ಹಾಕಿಸಿದ್ದು ಅರ್ಧವನ್ನೇ.

ಅಮೂಲ್ಯಾ ಅದನ್ನು ಹರಿಯಲು ಹೋದಳು.

"ಹರೀಬೇಡ. ಮಾರ್ಕರ್ ಕೊಡು."

ಅಮೂಲ್ಯಾ ಮಾರ್ಕರ್ ತಂದಳು, ಕೊಡಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದಳು: ಅವತ್ತು ದಾವಣಗೆರೆಯಲ್ಲಿ ನಿನಗೆ ಬೇಡ ಅನಿಸಿದ್ದರೆ ನಾನು ಇರುತ್ತಿರಲಿಲ್ಲ, ಅಲ್ಲವಾ?

"ಇರ್ತಿರ್ಲಿಲ್ಲ" ಎಂದಳು ಚಂದ್ರಿಕಾ. "ಆದ್ರೆ ಬೇಕು ಅನ್ನಿಸ್ತಲ್ಲೇ! ಯಾರೋ ಕಾನೂನು ಮಾಡಿದ್ರು ಅಂತ ಹುಟ್ಟಿದೋಳಲ್ಲ ನೀನು. ಬೇಕಾಗಿ ಹುಟ್ಟಿದೋಳು. ಅದಕ್ಕಿಂತ ಏನು ಕೊಡ್ಲಿ ನಿನಗೆ?"

ಅಮೂಲ್ಯಾ ಮಾರ್ಕರಿನ ಮುಚ್ಚಳ ತೆಗೆದು ಅಮ್ಮನ ಕೈಗಿಟ್ಟಳು. "ದೊಡ್ಡಕ್ಷರ ಬರಿ ಅಮ್ಮ" ಎಂದಳು, ಕನ್ನಡದಲ್ಲಿ.

ಫೋಟೋದ ಕೆಳಗೆ ಚಂದ್ರಿಕಾ ಇಂಗ್ಲಿಷಿನಲ್ಲಿ ಬರೆದಳು: ಇನ್ನೊಂದನ್ನು ನಾನೇ ಬೇಡವೆಂದೆ. ಎರಡು ಸಲವೂ ತೀರ್ಮಾನ ನನ್ನದು. ನನ್ನ ವೋಟು ಇವನಿಗಿಲ್ಲ.

ಬಾಗಿಲಲ್ಲಿ ನಿಂತಿದ್ದ ಈಶ್ವರಪ್ಪ ಓದಿದ. ನಾಳೆ ಸರ್ಜರಿಗೆ ಬರುವ ಪ್ರತಿಯೊಬ್ಬರೂ ಈ ರಸ್ತೆಯಲ್ಲೇ ಹಾಯಬೇಕು. "ನಮ್ಮ ವೋಟು ಅಂತ ಬರಿ. ನನ್ನದೂ ಸೇರಲಿ" ಎಂದು ಸೆಲ್ಲೋಟೇಪ್ ತಂದುಕೊಟ್ಟ.

ಅವಳು ವೋಟಿನ ಮುಂದಿನ ನನ್ನ ಎಂಬುದನ್ನು ಹೊಡೆದು ಹಾಕಿ, ನಮ್ಮಿಬ್ಬರ ಎಂದು ತಿದ್ದಿದಳು. ಅಂಟಿಸಲು ಮಗಳು ಕೈಚಾಚಿದರೆ ಕೊಡಲಿಲ್ಲ. ಅವಳ ಹೆಗಲು ಹಿಡಿದು ಎದ್ದು ಕಿಟಕಿಯ ತನಕ ನಡೆದಳು. ಮೂರು ಮೂಲೆ ಅಂಟಿದವು. ನಾಲ್ಕನೆಯದು ಗಾಜಿನ ತೇವಕ್ಕೆ ಬಿಟ್ಟುಕೊಂಡಿತು. ಚಂದ್ರಿಕಾ ಸೆರಗಿನಿಂದ ಗಾಜು ಒರೆಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅದು ಕಚ್ಚಿಕೊಂಡ ಮೇಲೆ ರಸ್ತೆಗೆ ಕಾಣುವಂತೆ ಪರದೆಯನ್ನು ಪೂರ್ತಿ ಸರಿಸಿದಳು.