ಭಂಡಾರದ ಪಾರ್ಟಿ, ಕುಂಕುಮದ ಪಾರ್ಟಿ

ಅಣ್ಣನ ಮಗ ಮೊಬೈಲ್ ಹಿಡಿದು ಬಂದ. ಆಟದಲ್ಲಿ ಎರಡು ಸೈನ್ಯ. ಒಂದನ್ನು ಆರಿಸದೆ ಮುಂದೆ ಹೋಗುವಂತಿಲ್ಲವಂತೆ.

“ಕಾಕಾ, ಯಾವುದಕ್ಕ ಸೇರ್ಲಿ?”

ಕೇಳಿದ್ದು ಸರಿಯಾದ ಮನುಷ್ಯನನ್ನೇ! ಚಿಕ್ಕಂದಿನಲ್ಲಿ ನಮ್ಮೂರು ಮನೋಳಿಯ ಹೊಳೆದಂಡೆಯಲ್ಲಿ ನಮ್ಮದೂ ಎರಡು ಪಾರ್ಟಿಗಳ ಕಾಳಗ ನಡೆಯುತ್ತಿತ್ತು. ಗುರುತಿಗೆ ಒಬ್ಬರು ಹಣೆತುಂಬ ಭಂಡಾರದ ಹಳದಿ ಪುಡಿ ಬಳಿದುಕೊಂಡರೆ ಇನ್ನೊಬ್ಬರು ಕುಂಕುಮ. ನಾನು ಸೇರಿದ ಕಡೆಯೇ ಗೆಲ್ಲುತ್ತದೆಂದು ಇಬ್ಬರೂ ನನ್ನನ್ನು ಎಳೆದಾಡುತ್ತಿದ್ದರು. “ಆ ಕಡೆ ಹೋದ್ರ ದೋಸ್ತಿ ಮುಗೀತಲೇ” ಎಂದ ಗೆಳೆಯ ಬಸ್ಯಾ. ಭಂಡಾರ ಬಳಿದುಕೊಂಡೆ.

ಜೋಳದ ಹೊಲದಲ್ಲಿ ಹಕ್ಕಿ ಓಡಿಸುವ ಕವಣೆಯಿಂದ ಕುಂಕುಮದವರು ಬೀಸಿದ ಮೊದಲ ಕಲ್ಲೇ ನನ್ನ ನೆತ್ತಿ ಸೀಳಿತು. ಬಿಸಿ ರಕ್ತ ಮುಖದ ತುಂಬ ಇಳಿದು ಹಣೆಯ ಹಳದಿಯೆಲ್ಲ ಕೆಂಪಾಯಿತು. ಅದನ್ನು ಕಂಡ ಬಸ್ಯಾ ಬಡಿಗೆ ಎತ್ತಿ ನುಗ್ಗಿದ. “ಕುಂಕುಮದಾಂವ ಸಿಕ್ಕಾನ, ಹಾಕ್ರಲೇ!”

“ಲೇ, ನಾನೋ!” ಎನ್ನುವುದರೊಳಗೆ ಮುಂದಿನ ಎರಡು ಹಲ್ಲು ಮರಳಿಗೆ ಬಿದ್ದವು. ಕುಂಕುಮದವರು ತಮ್ಮವನೆಂದು ತಿಳಿದು ನನ್ನನ್ನು ಮನೆಯವರೆಗೆ ಹೊತ್ತು ತಂದರು.

ಅವ್ವ ಗಾಯಕ್ಕೆ ಅರಿಶಿನ ಒತ್ತುತ್ತ ಕೇಳಿದಳು, “ಯಾರ ಹೊಡದ್ರೋ?”

“ನಮ್ಮ ಪಾರ್ಟಿಯವ್ರ ಬೇ.”

“ಹೊತಗೊಂಡು ಬಂದಾವ್ರು?”

“ವೈರಿಗೋಳು.”

ಅಣ್ಣನ ಮಗ ಬಿದ್ದು ಬಿದ್ದು ನಕ್ಕ. “ಹಂಗಾರ ನೀ ಸೋತಿ, ಕಾಕಾ?”

“ಹುಚ್ಚಪ್ಯಾಲಿ! ಎರಡೂ ಪಾರ್ಟಿ ಕೈಲೆ ಹೊಡಿಸಿಕೊಂಡು ಬದುಕಿದಾಂವ ಊರಾಗ ನಾ ಒಬ್ಬನ.”