ಸತ್ತ ಇದ್ದಿಲು

ಹಂಪಕ್ಕನಿಗೆ ಯಾವುದನ್ನೂ ಬಿಸಾಡಿ ಗೊತ್ತಿಲ್ಲ. ಹುಟ್ಟಿದ್ದು ಕಂಪ್ಲಿಯಲ್ಲಿ, ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ. ಅಲ್ಲಿ ಭತ್ತದ ಹೊಟ್ಟು ಒಲೆಗೆ, ಒಲೆಯಲ್ಲಿ ಉಳಿದ ಇದ್ದಿಲು ಪಾತ್ರೆಗೆ ಮತ್ತು ಹಲ್ಲಿಗೆ. ಕಸದಿಂದ ರಸ ತೆಗೆಯುವುದನ್ನು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆ ಊರ ಹೊರಗಿನ ಸಣ್ಣ ಶೆಡ್ಡೊಂದರಲ್ಲಿ ಕೆಲಸ ಸಿಕ್ಕಿತು. ಗಣಿ ಯಂತ್ರಗಳ ರಾಡುಗಳಿಗೆ ಕ್ರೋಮ್ ಲೇಪಿಸುವ ಶೆಡ್ಡು. ರಾಡು ಫಳಫಳ ಹೊಳೆಯುತ್ತದೆ, ತೊಳೆದ ನೀರು ಮಾತ್ರ ಅರಿಶಿನ ಕದಡಿದಂತೆ ಹಳದಿ. ಅದರಲ್ಲಿ ವಿಷದ ಲೋಹವಿರುವುದರಿಂದ ಹಳ್ಳಕ್ಕೆ ಬಿಡುವಂತಿಲ್ಲ. ಡ್ರಮ್ಮುಗಳಿಗೆ ಹೊಟ್ಟಿನ ಇದ್ದಿಲು ತುಂಬಿ, ನೀರನ್ನು ಅದರೊಳಗಿಂದ ಇಳಿಸುತ್ತಾರೆ. ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ಲೋಹ ಅಲ್ಲಿ ಅಂಟಿಕೊಂಡು ನೀರು ತಿಳಿಯಾಗಿ ಹೊರಬೀಳುತ್ತದೆ. ಇದ್ದಿಲು ತುಂಬುವುದು, ತೆಗೆಯುವುದು ಹಂಪಕ್ಕನ ಕೆಲಸ.

ಹೊರಬರುವ ನೀರು ಮತ್ತೆ ಹಳದಿಗೆ ತಿರುಗಿದಾಗ ಮೇಸ್ತ್ರಿ ಪಂಪಣ್ಣ, "ಇದ್ಲಿ ಸತ್ತೈತಿ, ತಗೀರಿ" ಎನ್ನುತ್ತಿದ್ದ. ನೀರಿನ ಪರೀಕ್ಷೆಗೆ ಬರುವ ಕೆಮಿಸ್ಟ್ ಸುಷ್ಮಿತಾಳಿಗೂ ಅದೇ ಮಾತು ರೂಢಿಯಾಗಿತ್ತು. ಸತ್ತ ಇದ್ದಿಲನ್ನು ಚೀಲಕ್ಕೆ ತುಂಬಿ, ಅದನ್ನು ಒಯ್ಯುವ ಲಾರಿ ಬರುವವರೆಗೂ ಬೀಗ ಹಾಕಿಡಬೇಕು. ಮುಟ್ಟುವಾಗ ಕೈಗವಸು ಬೇಕೆಂದಿದ್ದರು. ಅದು ಕೈ ಕಪ್ಪಾಗದಿರಲಿ ಎಂದು ಹಂಪಕ್ಕ ತಿಳಿದಳು. ಸತ್ತದ್ದಕ್ಕೆ ಇಷ್ಟು ಮರ್ಯಾದೆ ಯಾಕೆ ಎಂದು ಒಳಗೊಳಗೇ ನಗುತ್ತಿದ್ದಳು. ಸತ್ವ ಹೋದ ವಸ್ತು ಯಾರಿಗೇನು ಮಾಡೀತು?

ಹಾಗಾಗಿ ಒಂದು ಬುಟ್ಟಿ ಮನೆಗೆ ತಂದಳು. ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಹಳೇ ಸೀರೆಯಲ್ಲಿ ಸೋಸಿ, ಉಪ್ಪು ಲವಂಗ ಕುಟ್ಟಿ ಬೆರೆಸಿ ಹಲ್ಲುಪುಡಿ ಮಾಡಿದಳು. ಪಕ್ಕದ ಮನೆಯ ಭರಮಮ್ಮನಿಗೆ ಒಂದು ಡಬ್ಬಿ ಕೊಟ್ಟಳು. ಆ ಮುದುಕಿ ಇನ್ನೂ ಹಲ್ಲಿನಲ್ಲೇ ಕಬ್ಬು ಸಿಗಿಯುವವಳು, ಪೇಸ್ಟು ಎಂದರೆ ಮೂಗು ಮುರಿಯುವವಳು. ಪುಡಿಯನ್ನು ಓಣಿಯಲ್ಲೆಲ್ಲ ಹೊಗಳಿದಳು. ಹಂಪಕ್ಕ ಉಬ್ಬಿಹೋದಳು.

ಆ ಉಬ್ಬಿನಲ್ಲೇ ಸುಷ್ಮಿತಾಳಿಗೂ ಒಂದು ಪೊಟ್ಟಣ ಕಟ್ಟಿ ಕೊಟ್ಟಳು. ಸುಷ್ಮಿತಾ ಮೂಸಿ ನೋಡಿ, ಇದು ಯಾವ ಇದ್ದಿಲು ಎಂದು ಕೇಳಿದಳು. ಸತ್ತದ್ದು ಎಂದಳು ಹಂಪಕ್ಕ. ಹುಡುಗಿಯ ಮುಖ ಕಪ್ಪಿಟ್ಟಿತು.

"ಅದು ಸತ್ತಿಲ್ರಿ ಅಕ್ಕ. ಅದರ ಹೊಟ್ಟಿ ತುಂಬೈತಿ. ನೀರಿನ್ಯಾಗಿನ ವಿಷ ಎಲ್ಲಾ ಅದರೊಳಗ ಐತಿ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಇದೆ. ಕಪ್ಪಗಿರುವುದೆಲ್ಲ ಹಲ್ಲುಪುಡಿಯಲ್ಲ ಎಂದು ಯಾವ ಗಾದೆಯೂ ಹೇಳಿರಲಿಲ್ಲ. ಹಂಪಕ್ಕನಿಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆ. ಕೆಲಸ ಅರ್ಧಕ್ಕೆ ಬಿಟ್ಟು ಆಟೋ ಹತ್ತಿದಳು.

ಭರಮಮ್ಮ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿದಳು. ಕಪ್ಪು ಹಿಡಿದ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡಳು.

"ನೀನೂ ಇದರಾಗ ತಿಕ್ಕೋತೀಯೇನವ್ವ?"

ಕೆಲಸಕ್ಕೆ ಸೇರಿದ ಹೊಸದರಲ್ಲಿ ಶೆಡ್ಡಿನ ಹೆಂಗಸರು ಕರಿಬಾಯಿ ಎಂದು ನಕ್ಕ ದಿನದಿಂದ ಹಂಪಕ್ಕ ತಿಕ್ಕುತ್ತಿದ್ದುದು ಅಂಗಡಿಯ ಪೇಸ್ಟು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲಬೇ" ಎಂದಳು. ಮುದುಕಿ ಡಬ್ಬಿಯ ಮುಚ್ಚಳ ಹಾಕಿ ಆಕೆಯತ್ತ ಸರಿಸಿದಳು.

ಸುಷ್ಮಿತಾ ತಾನೇ ಭರಮಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಳು. ಸದ್ಯಕ್ಕೇನೂ ಕಾಣುತ್ತಿಲ್ಲ, ಆದರೂ ಆಗಾಗ ಬಂದು ತೋರಿಸಿ ಎಂದರು ಡಾಕ್ಟರು. ಶೆಡ್ಡಿನಲ್ಲಿ ಈಗ ಯಾರಾದರೂ ಇದ್ದಿಲು ಸತ್ತಿದೆ ಎಂದರೆ ಹಂಪಕ್ಕ ಬಿಡುವುದಿಲ್ಲ, ಹೊಟ್ಟೆ ತುಂಬಿದೆ ಎಂದು ಹೇಳಿಸುತ್ತಾಳೆ. ಪಂಪಣ್ಣನಿಂದಲೂ ಹೇಳಿಸಿದ್ದಾಳೆ.

ಭರಮಮ್ಮ ಮಾತು ಬಿಟ್ಟಿಲ್ಲ. ಹಂಪಕ್ಕ ರೊಟ್ಟಿ ಪಲ್ಯ ಕೊಟ್ಟರೆ ತೆಗೆದುಕೊಳ್ಳುತ್ತಾಳೆ. ಆದರೆ ತುತ್ತು ಮುರಿದು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಾಳೆ. ಹಂಪಕ್ಕ ಅದೇ ತಟ್ಟೆಯಿಂದ ಒಂದು ತುತ್ತು ತಾನು ಬಾಯಿಗಿಟ್ಟುಕೊಂಡ ಮೇಲೆ ಮುದುಕಿ ಉಣ್ಣುತ್ತಾಳೆ.