ಸಲಾಕಿ ತಣ್ಣಗಾಗೋ ತನಕ

ಭತ್ತದ ಹೊಟ್ಟಿನ ರಾಶಿಗೆ ಬೆಂಕಿ ಬಿದ್ದು, ನೀರು ಹೊಡದು, ಹೊಗಿನೂ ನಿಂತ ಮ್ಯಾಲ, ಆ ಬೆಂಕಿ ಖರೇನ ಆರೈತಿ ಅಂತ ನೀವು ಹೆಂಗ ಹೇಳ್ತೀರಿ? ಹೇಳ್ರಿ ನೋಡೂಣು. ಮಂಡಕ್ಕಿ ಮಿರ್ಚಿ ತಿಂದು, ಕೈ ಒರಸ್ಕೊಂತ ದೇಶದ ಸುದ್ದಿ ಎಲ್ಲಾ ಮಾತಾಡ್ತೀರಿ, ಇದೊಂದು ಹೇಳ್ರಿ. ಗೊತ್ತಿಲ್ಲಲ್ಲ? ನನಗೂ ಗೊತ್ತಿದ್ದಿಲ್ಲ. ಗೊತ್ತಿಲ್ಲದನ ಅದರ ಮ್ಯಾಲ ಒಂದು ರೂಲು ಬರದಿದ್ದೆ.

ಇದನ್ನ ಫೋನಿನಾಗ ಬರಿಯಾಕತ್ತೀನಿ. ಕಲಿಸಿದಾಕಿ ನಮ್ಮ ಸೊಸಿ. ಒಂದ ಬೆರಳಿನಾಗ ಟಕ್ ಟಕ್ ಅಂತ ಹೊಡಿಯೋದು ನೋಡಿ, "ಅತ್ತಿ, ಕೋಳಿ ಕಾಳು ಹೆಕ್ಕಿದಂಗ ಆತು" ಅಂತಾಳ. "ಕೋಳಿ ಏನ್ ಉಪಾಸ ಸತ್ತೈತೇನವಾ?" ಅಂತೀನಿ. ಈ ಫೋನಿಗೊಂದು ಚಾಳಿ ಐತಿ. 'ಸತ್ತರ' ಅಂತ ಹೊಡದ್ರ ಸಾಕು, ಕೈ ಮುಗದಿರೋ ಚಿತ್ರ ತಾನ ತಂದು ಇಡ್ತತಿ. ಈಗ ನನಗ ಬಂದಿರೋ ಕೆಲಸ ಪೆನ್ಶನ್ ರೂಲು ಬರಿಯೋದು, ಅಂದ್ರ ಸಾಲಿಗೊಂದು ಸಲ 'ಸತ್ತರ' ಅಂತ ಬರಿಬೇಕು. ಹಂಗಾಗಿ ದಿನಾ ಮುಂಜಾನಿ ಸತ್ಯನಾರಾಯಣಪೇಟ್ಯಾಗ ಈ ಕಟ್ಟಿ ಮ್ಯಾಲ ಕುಂತು, ಯಾರೋ ನನಗ ಕೈ ಮುಗಿತಾನ ಇದ್ದಂಗ ಆಗ್ತತಿ. ಮೊದಮೊದಲು ನಗು ಬಂತು. ಆಮ್ಯಾಲ ಬರಲಿಲ್ಲ.

ನಮ್ಮ ಕಡಿ ಅಕ್ಕಿ ಗಿರಣಿ, ಹತ್ತಿ ಗಿರಣಿ ಮಾಲಕರದ್ದೊಂದು ಸಂಘ ಐತಿ. ಹೆಸರು ಬ್ಯಾಡ. ಸಂಘದವು ಮೂರು ಬೆಂಕಿ ಗಾಡಿ ಅದಾವ, ಬಳ್ಳಾರಿಗೊಂದು, ಸಿರುಗುಪ್ಪಕ್ಕೊಂದು, ಕುರುಗೋಡಿಗೊಂದು. ಬೆಂಕಿ ಆರಸೋ ಮಂದಿಗೆ ಸಂಘನ ಪಗಾರ ಕೊಡ್ತತಿ. ನಾನು ಅಲ್ಲಿ ಕ್ಲರ್ಕು. ಕರಿ ಕೂದಲ ಇದ್ದಾಗ ಸೇರಿದಾಕಿ, ಬೆಳ್ಳಗಾದ ಮ್ಯಾಲ ಬಿಟ್ಟಾಕಿ.

ನಮ್ಮಂಥಾ ಕ್ಲರ್ಕುಗಳ ಗುಟ್ಟು ಒಂದು ಹೇಳ್ತೀನಿ. ಹೊಸಾ ರೂಲು ಅಂತ ಯಾರೂ ಬರಿಯಂಗಿಲ್ಲ. ಹಳೇದೊಂದು ತಗಿತೀವಿ, ಹೆಸರು ಬದಲಿ ಮಾಡ್ತೀವಿ. ಬೆಂಕಿ ಗಾಡಿಯವರು ಡ್ಯೂಟಿ ಮ್ಯಾಲ ಸತ್ತರ ಮನಿಯವರಿಗೆ ಸಂಘ ಆಸರಾ ಆಗಬೇಕು ಅಂತ ಹಿಂದಕ ಒಮ್ಮಿ ಮಾತು ಬಂತು. ಡ್ಯೂಟಿ ಅಂದ್ರ ಎಲ್ಲಿಂದ ಎಲ್ಲಿ ತನಕ ಅಂತ ಬರಿಯೋದು ನನ್ನ ಪಾಲಿಗೆ ಬಂತು. ಕೈಗೆ ಸಿಕ್ಕಿದ್ದು ಲಾರಿ ಡ್ರೈವರುಗಳ ರೂಲು. 'ಲಾರಿ' ಅನ್ನೋದು ಹೊಡದು 'ಬೆಂಕಿ ಗಾಡಿ' ಅಂತ ಬರದೆ. "ಗಾಡಿ ಶೆಡ್ಡಿಗೆ ತಿರುಗಿ ಬಂದು, ಬುಕ್ಕಿನಾಗ ಎಂಟ್ರಿ ಆದ ಕೂಡ್ಲೇ ಡ್ಯೂಟಿ ಮುಗೀತು." ಚಾ ಬರೋದ್ರಾಗ ಕೆಲಸ ಮುಗಸಿ, ಮಿರ್ಚಿ ತಿಂದ ಕೈಲೇ ಕಾಗದ ಎತ್ತಿ ಆಗಿನ ಅಧ್ಯಕ್ಷ ಸಾಹುಕಾರರ ಮುಂದ ಇಟ್ಟೆ. ಮೂಲ್ಯಾಗ ಎಣ್ಣಿ ಬೆರಳಿನ ಗುರ್ತು ಬಿತ್ತು. ಯಾರೂ ನೋಡಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕ ಸಿರುಗುಪ್ಪದ ಕಡಿ ಒಂದು ಅಕ್ಕಿ ಗಿರಣಿ ಹಿಂದ ಹೊಟ್ಟಿನ ರಾಶಿಗೆ ಬೆಂಕಿ ಬಿತ್ತು. ರಾಶಿ ಅಂದ್ರ ಎರಡು ಮಾಳಿಗಿ ಎತ್ತರ. ಹೊಟ್ಟಿನ ಬೆಂಕಿ ಮಳ್ಳ ಇದ್ದಂಗ, ಮ್ಯಾಲ ಬೂದಿ, ಒಳಗ ಕೆಂಡ. ದೇಶನೂರಿನಾತ ಒಬ್ಬ, ಗಾಡಿ ಕೆಲಸದಾತ, ಪೈಪು ಹಿಡಕೊಂಡು ರಾಶಿ ಹತ್ತಿದ. ಕಾಲು ಕುಸೀತು. ಎದಿ ಮಟ ಒಳಗ ಹೋದ. ಜೊತಿಯವರು ಎಳದು ತಗದ್ರು. "ಏನೂ ಆಗಿಲ್ಲಲೇ" ಅಂದು, ಚಾ ಕುಡದು, ಗಾಡಿ ಜೊತಿ ಶೆಡ್ಡಿಗೆ ಬಂದು, ಸೈಕಲ್ ತುಳಕೊಂಡು ಮನಿಗೆ ಹೋದ. ಬಿಸಿ ಹೊಗಿ ಎದಿಯಾಗ ಕುಂತಿತ್ತು. ಹನ್ನೊಂದನೇ ದಿನ ಸತ್ತ. (ನೋಡ್ರಿ, ಮತ್ತ ಕೈ ಮುಗೀತು.)

ತಿಂಗಳು ಕಳದ ಮ್ಯಾಲ ಆತನ ಹೆಂಡ್ತಿ ನನ್ನ ಟೇಬಲ್ ಮುಂದ ಬಂದು ನಿಂತ್ಲು. ನಾನು ಗಾಡಿ ಬುಕ್ಕು ತರಸಿ, ತಗದು ತೋರಿಸಿದೆ. "ನೋಡವಾ. ಗಾಡಿ ವಾಪಸ್ ಬಂದದ್ದು ನಾಕು ಹತ್ತಕ್ಕ. ಅಲ್ಲಿಗೆ ಡ್ಯೂಟಿ ಮುಗೀತು. ಆಮ್ಯಾಲ ಆಗಿದ್ದಕ್ಕ ರೂಲಿನಾಗ ಜಾಗ ಇಲ್ಲ."

"ಗಾಡಿ ಬಂತವ್ವ. ಅವ್ರು ಬರಲಿಲ್ಲ."

"ಸೈಕಲ್ ಮ್ಯಾಲ ಮನಿಗೆ ಬಂದನಲ್ಲವಾ?"

"ಬಂದದ್ದು ಕೆಮ್ಮು. ಅವ್ರು ಆ ರಾಶಿ ಮ್ಯಾಲ ಉಳದ್ರು."

ಆಕಿ ಜಗಳ ಮಾಡಲಿಲ್ಲ. ಹೊರಗಿನ ಬೆಂಚಿನ ಮ್ಯಾಲ ಕುಂತ್ಲು. ಮರುದಿನ ಬಂದು ಕುಂತ್ಲು. ಮೂರನೇ ದಿನಾನೂ. ನನ್ನ ಕಡಿ ನೋಡ್ತಿದ್ಲು ಅಷ್ಟ. ಸೀರಿಗೆ ಸುಟ್ಟ ಹೊಟ್ಟಿನ ವಾಸನಿ ಇತ್ತು, ಫ್ಯಾನು ಹಾಕಿದ್ರ ನನ್ನ ತನಕ ಬರ್ತಿತ್ತು. ನಾಲ್ಕನೇ ದಿನ ಬೆಂಚು ಖಾಲಿ. ಪೀಡಾ ಹೋತು ಅಂದ್ಕೊಂಡೆ. ವಾಸನಿ ಮಾತ್ರ ಹೋಗಲಿಲ್ಲ. ನಮ್ಮ ಊರಾಗ ಮಂಡಕ್ಕಿ ಭಟ್ಟಿಗೆ ಹೊಟ್ಟು ಹಾಕಿ ಉರಿ ಮಾಡ್ತಾರ. ಆ ಓಣಿ ಬಿಟ್ಟು ಸುತ್ತಿ ಹೋಗಾಕ ಶುರು ಮಾಡಿದೆ. ಮೊಣಕಾಲು ನೋವಾದ್ರೂ ಇವತ್ತಿಗೂ ಸುತ್ತಿನ ಹೋಗ್ತೀನಿ. ಮನ್ಯಾಗ ಕೇಳಿದ್ರ, "ವಾಕಿಂಗ್" ಅಂತೀನಿ.

ಈಗ ಈ ವರ್ಷದ ಮಾತು. ಸಂಘದ ಈಗಿನ ಅಧ್ಯಕ್ಷ ಫೋನು ಮಾಡಿದ. ಆ ಹಳೇ ಸಾಹುಕಾರರ ಮಗ. ಸಣ್ಣವಿದ್ದಾಗ ನನ್ನ ಟೇಬಲ್ಲಿನ ಗೋಂದು ನೆಕ್ತಿದ್ದ, ಈಗ ಬಂಗಾರದ ಗಡಿಯಾರ ಕಟ್ಟತಾನ. "ಅಮ್ಮಾರ, ಬೆಂಕಿ ಗಾಡಿಯವರಿಗೆ ಪೂರಾ ಪೆನ್ಶನ್ ಸ್ಕೀಮು ಮಾಡಬೇಕಂತ ಠರಾವು ಆಗೈತಿ. ಹಳೇ ಕೇಸು ಇದ್ರೂ ರೂಲಿನಾಗ ಕುಂತ್ರ ಕೊಡೂಣು. ಹಳೇದೆಲ್ಲಾ ಗೊತ್ತಿರಾಕಿ ನೀವೊಬ್ಬರ. ರೂಲು ಬರದು ಕೊಡ್ರಿ."

"ಗೋಂದು ತಿನ್ನೋದು ಬಿಟ್ಟೀಯೇನಪಾ?" ಅಂದೆ.

"ಬಿಟ್ಟೀನ್ರಿ ಅಮ್ಮಾರ, ಎಲ್ಲಾರ ಮುಂದ ಕೇಳಬ್ಯಾಡ್ರಿ, ಸ್ಪೀಕರ್ ಹಾಕೀನಿ."

ಹೂಂ ಅಂದೆ. ಹಳೇ ಕೇಸು ಅಂದ ಕೂಡ್ಲೇ ನನ್ನ ಕಣ್ಣಿಗೆ ಕಂಡಿದ್ದು ಆ ಬೆಂಚು. ವಯಸ್ಸು ಎಷ್ಟು, ಸರ್ವಿಸು ಎಷ್ಟು, ಮಕ್ಕಳಿಗೆ ಎಲ್ಲಿ ತನಕ, ಎಲ್ಲಾ ಹೊಡಕೊಂತ ಬಂದೆ. ಡ್ಯೂಟಿ ಯಾವಾಗ ಮುಗೀತತಿ ಅನ್ನೋದಕ್ಕ ಬಂದು ಬೆರಳು ನಿಂತು ಬಿಡ್ತು. ಎಂಟು ದಿನ ಆದ್ರೂ ಆ ಸಾಲು ಖಾಲಿನ.

ಒಂದಿನ ಫೋನು ಟಣ್ ಅಂತು. ಅಧ್ಯಕ್ಷ ಒಂದು ಫೋಟೋ ಕಳಿಸಿದ್ದ. "ಅಮ್ಮಾರ, ತ್ರಾಸು ತಗೋಬ್ಯಾಡ್ರಿ. ಹಳೇ ಫೈಲಿನಾಗ ಸಿಕ್ತು. ಇದನ್ನ ಹಂಗ ಇಟ್ಟುಬಿಡೂಣು." ತಗದು ನೋಡಿದೆ. ನನ್ನ ಅಕ್ಷರ. "ಗಾಡಿ ಶೆಡ್ಡಿಗೆ ತಿರುಗಿ ಬಂದು..." ಸೊಸಿ ಎರಡು ಬೆರಳಲೇ ಫೋಟೋ ದೊಡ್ಡದು ಮಾಡಿ ತೋರಿಸಿದ್ಲು. ಮೂಲ್ಯಾಗ ಎಣ್ಣಿ ಬೆರಳು, ಗೆರಿಗೆರಿ ಕಾಣ್ತಿತ್ತು. "ಇದ್ಯಾರದತ್ತಿ ಜಿಡ್ಡು ಕೈ?" ಅಂದ್ಲು. ನಾನು ಫೋನು ಕಸಕೊಂಡು ತೊಡಿ ಮ್ಯಾಲ ಬೋರಲ ಹಾಕಿದೆ. ಆಕಿಗೆ ಗಾಬರಿ ಆತು, ನೀರು ತಂದು ಕೊಟ್ಲು.

ಆ ಸಾಲು ಈಗ ಹೊಸಾ ರೂಲಿಗೆ ಹೋತಂದ್ರ, ದೇಶನೂರಿನಾಕಿಗೆ ಎರಡನೇ ಸಲ ನಾನ "ಇಲ್ಲ" ಅಂದಂಗ. ಅದು ಬ್ಯಾಡ. ಆದ್ರ ಬದಲಿ ಏನು ಬರಿಯೋದು? ಬೆಂಕಿ ಆರಸೋರ ಡ್ಯೂಟಿ ಯಾವಾಗ ಮುಗೀತತಿ ಅಂತ ಬೆಂಕಿ ಆರಸಿದವರನ್ನ ನಾನು ಒಮ್ಮಿನೂ ಕೇಳಿದ್ದಿಲ್ಲ. ಆವತ್ತು ಆ ಗಾಡಿಗೆ ಮೇಸ್ತ್ರಿ ಆಗಿದ್ದಾತ ಕುರುಗೋಡಿನಾಗ ಅದಾನಂತ ಗೊತ್ತಿತ್ತು. ಬಸ್ಸು ಹತ್ತಿದೆ.

ಮೇಸ್ತ್ರಿ ಮನಿ ಗುಡ್ಡದ ಬುಡಕ್ಕ. ಬಂಡಿಗಲ್ಲಿನ ನೆರಳಾಗ ಹೊರಸು ಹಾಕ್ಕೊಂಡು ಕುಂತಿದ್ದ. ನನ್ನ ನೋಡಿ ಎದ್ದ. "ಏಂ ಅಮ್ಮಾ, ಇನ್ನಾ ಬದುಕೀರೇನು?"

"ನಿನ್ನ ಪೆನ್ಶನ್ ರೂಲು ಬರಿಯೋ ತನಕ ಯಮ ಸೂಟಿ ಕೊಟ್ಟಾನ. ಹೇಳು, ಹೊಟ್ಟಿನ ಬೆಂಕಿ ಆರೈತಿ ಅಂತ ಹೆಂಗ ಹೇಳ್ತಿದ್ರಿ?"

ಆತ ಬಲಗೈ ಚಾಚಿ ಅಂಗೈ ತೋರಿಸಿದ. ಚರ್ಮ ಎಲ್ಲಾ ಬೋಳು ಬೋಳು, ಹಳೇ ನಾಣ್ಯ ಸವದಂಗ. "ಸಲಾಕಿ ಅಮ್ಮಾ. ಗಾಡಿ ವಾಪಸ್ ಬಂದ ಮ್ಯಾಲ ದಿನಾ ಒಬ್ಬಾತ ಹೋಗಬೇಕು. ಕಬ್ಬಿಣದ ಸಲಾಕಿ ರಾಶಿ ಒಳಗ ಚುಚ್ಚಿ, ನೂರು ಎಣಿಸಿ, ಹೊರಗ ಎಳದು ಬರೇ ಅಂಗೈ ಇಡಬೇಕು. ಬಿಸಿ ಇದ್ರ ಬೆಂಕಿ ಜೀವಂತ. ತಣ್ಣಗಿದ್ರ ಆರೈತಿ. ಅಲ್ಲೀತನಕ ಮಾಲಕ್ರು ಒಂದು ಬುಟ್ಟಿ ಹೊಟ್ಟೂ ಮಾರಂಗಿದ್ದಿಲ್ಲ, ಲಾರಿ ಹಾದ್ಯಾಗ ಉರದು ಹೋಗ್ತಿತ್ತು."

"ಇದನ್ನ ಎಲ್ಲಿ ಬರೀತಿದ್ರಿ?"

"ಗಾಡಿ ಬುಕ್ಕಿನಾಗ."

"ಸುಳ್ಳು. ಆ ಬುಕ್ಕು ನಾ ನೋಡೀನಿ."

"ಎಲ್ಲಿ ನೋಡೀರಿ? ಮುಂದ ನೋಡೀರಿ," ಅಂದ. ಒಳಗ ಹೋಗಿ ಗೋಣಿ ಚೀಲ ಎಳಕೊಂಡು ಬಂದ. ಶೆಡ್ಡಿಗೆ ಸುಣ್ಣ ಹೊಡಿಯೋವಾಗ ರದ್ದಿಗೆ ಹಾಕಾಕ ಹೊರಟಿದ್ರಂತ, ಈತ ಮನಿಗೆ ತಂದಿದ್ದ. ಆ ವರ್ಷದ ಬುಕ್ಕು ತಗದು, ತಲಿಕೆಳಗ ಮಾಡಿ, ಹಿಂದಿನ ರಟ್ಟು ಬಿಚ್ಚಿದ. ಸಲಾಕಿ ಲೆಕ್ಕ ಹಿಂದಿನಿಂದ ಬರಕೊಂತ ಬಂದಿದ್ರು.

ಬುಕ್ಕು ನನ್ನ ಟೇಬಲ್ ಮ್ಯಾಲ ಇತ್ತು. ಮೂರು ದಿನ ಇತ್ತು. ತಿರುವಿ ಹಾಕಿ ನೋಡಬೇಕು ಅಂತ ನನಗ ಅನ್ನಿಸಲಿಲ್ಲ.

ಓದಿದೆ. ಎರಡನೇ ದಿನ, ಬಿಸಿ. ಮೂರನೇ ದಿನ, ಬಿಸಿ. ನಾಲ್ಕನೇ ದಿನ, ಬಿಸಿ. ಪ್ರತಿ ಸಾಲಿನ ಮುಂದ ದೇಶನೂರಿನಾತನ ಸಹಿ. ಕೆಮ್ಮಿಕೊಂತ, ಸೈಕಲ್ ತುಳಕೊಂಡು, ದಿನಾ ಅದ ರಾಶಿಗೆ ಹೋಗಿದ್ದ. ಐದನೇ ದಿನದ ಸಹಿ ಗೆರಿ ಬಿಟ್ಟು ಕೆಳಗ ಇಳದಿತ್ತು. ಏಳನೇ ದಿನದ್ದು ಸಹಿ ಅಲ್ಲ, ಬರೇ ಒಂದು ಗೀಟು. ಎಂಟರಿಂದ ಬ್ಯಾರೇ ಕೈ. ಹನ್ನೊಂದು, ಬಿಸಿ. ಹತ್ತೊಂಬತ್ತನೇ ದಿನ, ಮೇಸ್ತ್ರಿ ಅಕ್ಷರದಾಗ: ಸಲಾಕಿ ತಣ್ಣಗ.

ಗುಡ್ಡದ ಕಡಿಯಿಂದ ಗಾಳಿ ಬಂತು. ಅಲ್ಲಿ ಗಿರಣಿ ಇಲ್ಲ, ಭಟ್ಟಿ ಇಲ್ಲ. ಆದ್ರೂ ಅದ ವಾಸನಿ.

"ಆವತ್ತ ಯಾಕ ಬಂದು ಹೇಳಲಿಲ್ಲೋ ನೀನು?" ಅಂತ ಮೇಸ್ತ್ರಿಗೆ ಜಬರಿಸಿದೆ.

"ನೀವು ಯಾರರ ಕೇಳಿದ್ರೇನು ಅಮ್ಮಾ?"

ಮುಂದಿನ ಮೀಟಿಂಗಿಗೆ ಆ ಬುಕ್ಕು ಸೆರಗಿನಾಗ ಸುತ್ತಿಕೊಂಡು ಹೋದೆ. ಎಲ್ಲಾ ಮಾಲಕರ ಮುಂದ ಒದರಿದೆ: "ಕರೆ ಬಂದಾಗಿಂದ ಸಲಾಕಿ ತಣ್ಣಗಾಗೋ ತನಕ ಡ್ಯೂಟಿ. ಆ ಬೆಂಕಿಯಿಂದ ಅಷ್ಟರಾಗ ಜೀವ ಹೋದ್ರ, ಮನ್ಯಾಗ ಹೋಗ್ಲಿ, ಆಸ್ಪತ್ರ್ಯಾಗ ಹೋಗ್ಲಿ, ಡ್ಯೂಟಿ ಮ್ಯಾಲ ಹೋದಂಗ."

ಅಧ್ಯಕ್ಷ ಗಡಿಯಾರ ತಿರುವಿದ. "ಅಮ್ಮಾರ, ಗಾಡಿ ಬಂದ ಮ್ಯಾಲ ಡ್ಯೂಟಿ ಮುಗೀತು ಅಂತ ಬರದಾಕಿ ನೀವ ಅಲ್ರಿ?"

"ನಾನ. ಲಾರಿ ರೂಲು ಕದ್ದು ಬರದೆ. ಜಿಡ್ಡು ಬೆರಳೂ ನಂದ."

"ಸಲಾಕಿ ಅಂದ್ರ ಏನು ಸಾಕ್ಷಿ?"

"ಹೊಟ್ಟು ಮಾರೋವಾಗ ಅದ ಸಾಕ್ಷಿ ಅಲ್ಲೇನಪಾ ನಿನಗ? ರಾಶಿ ಆರೈತೋ ಇಲ್ಲೋ ಅಂತ ಹತ್ತೊಂಬತ್ತು ದಿನ ಕಾಯ್ತೀರಿ. ರಾಶಿ ಹತ್ತಿದಾತನ ಎದಿ ಆರೈತಿ ಅಂತ ನಾಕು ಹತ್ತಕ್ಕ ಹೆಂಗ ಬರದ್ರಿ?"

'ಬರದ್ರಿ' ಅಂದೆ. 'ಬರದೆ' ಅನ್ನಬೇಕಿತ್ತು. ಯಾರೂ ತಿದ್ದಲಿಲ್ಲ. ಬುಕ್ಕು ಕೈಯಿಂದ ಕೈಗೆ ಹೋತು. ಏಳನೇ ದಿನದ ಗೀಟು ನೋಡಿದ ಮ್ಯಾಲ ಅಧ್ಯಕ್ಷ ಗಡಿಯಾರದ ಕೈ ಟೇಬಲ್ ಕೆಳಗ ಇಟ್ಕೊಂಡ. ಹಳೇ ಕೇಸಿಗೂ ಸೇರಿಸಿ ರೂಲು ಪಾಸಾತು.

ಪಾಸಾತಂತ ನಿದ್ದಿ ಬಂತೇನು? ಸಲಾಕಿ ಹತ್ತೊಂಬತ್ತಕ್ಕ ತಣ್ಣಗಾತು, ಇಪ್ಪತ್ತನೇ ದಿನ ಸತ್ತಾತನ ಹೆಂಡ್ತಿ ಎಲ್ಲಿ ಕುಂದ್ರಬೇಕು? ಅದಕ್ಕ ಡಾಕ್ಟರ ಚೀಟಿದ್ದೊಂದು ಸಾಲು ಬರದು ಕೊಟ್ಟೀನಿ, ಇನ್ನಾ ಒಪ್ಪಿಲ್ಲ. ರೂಲು ಅಂದ್ರ ಬಾಗಲ. ಎಲ್ಲಿ ಹಚ್ಚಿದ್ರೂ ಯಾರೋ ಒಬ್ಬರು ಹೊರಗ ಬೆಂಚಿನ ಮ್ಯಾಲ ಕುಂತಂಗ ಕಾಣ್ತತಿ.

ಅರ್ಜಿಗೆ ಸಹಿ ಹಾಕಿಸ್ಕೊಂಡು ಬರಾಕ ಯಾರನರ ಕಳಸ್ತೀವಿ ಅಂದ್ರು. ಬ್ಯಾಡ ಅಂದು ನಾನ ದೇಶನೂರಿಗೆ ಹೋದೆ. ಕಾಲುವಿ ನೀರು ಬಿಟ್ಟಿದ್ರು, ದಾರಿ ಎರಡೂ ಕಡಿ ನಾಟಿ ನಡದಿತ್ತು. ಆಕಿ ಮಗಳ ಮನಿ ಕಟ್ಟಿ ಮ್ಯಾಲ ಕುಂತು ಮೊರದಾಗ ಅಕ್ಕಿ ಕೇರ್ತಿದ್ಲು. ತಲಿ ನನಗಿಂತ ಬೆಳ್ಳಗ. ಗುರ್ತು ಹಿಡಿಯಂಗಿಲ್ಲ ಅಂದ್ಕೊಂಡೆ.

"ನಾಕು ಹತ್ತರ ಅಮ್ಮ ಅಲ್ಲೇನು?" ಅಂದ್ಲು ತಲಿ ಎತ್ತದನ.

ಕುಂತೆ. ಬುಕ್ಕು ತಿರುವಿ ಹಿಂದಿನಿಂದ ತಗದು ತೋರಿಸಿದೆ. ಆಕಿಗೆ ಓದಾಕ ಬರಂಗಿಲ್ಲ, ಆದ್ರ ಸಹಿ ಗುರ್ತು ಹತ್ತಿತು. ಒಂದೊಂದರ ಮ್ಯಾಲ ಬೆರಳು ಇಟಗೊಂತ ಬಂದು ಗೀಟಿನ ಮ್ಯಾಲ ನಿಂದ್ರಿಸಿದ್ಲು. ಆಮ್ಯಾಲ ಅರ್ಜಿ ಮ್ಯಾಲ ಹೆಬ್ಬೆಟ್ಟು ಒತ್ತಿದ್ಲು. ಒಳಗ ಹೋಗಿ ಹೊಟ್ಟಿನ ಒಲಿ ಮ್ಯಾಲ ಚಾ ಕಾಸಿ ತಂದ್ಲು. ಅದ ವಾಸನಿ, ಈ ಸಲ ಖರೇದು. ಮೂಗು ಮುಚ್ಚಲಿಲ್ಲ. ಕುಡದೆ.

ನನ್ನ ನಾಲಿಗಿ ಸುಮ್ನ ಕುಂದ್ರೋದಲ್ಲ. ಲೋಟ ಕೆಳಗಿಟ್ಟು, ನಕ್ಕಂಗ ಮಾಡಿ ಕೇಳಿದೆ: "ಇನ್ನರ ನನ್ನ ಮ್ಯಾಲಿನ ಸಿಟ್ಟು ತಣ್ಣಗಾತೇನವಾ?"

ಆಕಿ ಮೊರ ಎತ್ತಿ ತೊಡಿ ಮ್ಯಾಲ ಇಟ್ಕೊಂಡ್ಲು.

"ಸಲಾಕಿ ಹಾಕಿ ನೋಡ್ರಿ," ಅಂದ್ಲು. "ಅಂಗೈ ಮಾತ್ರ ನಿಮ್ಮದ ಇಡ್ರಿ."